ಬಿದಿರಿನ ನೆಲ: ಹತ್ತಡಿ–ಹನ್ನೆರಡಡಿಯ ಕೋಣೆಗೆ ನೀವೇ ಹಾಸುವ ಬಗೆ

ಬಿದಿರಿನ ಹಲಗೆ ಜೋಡಿಸುವುದನ್ನು ಕಲಿಯಲು ಅರ್ಧ ದಿನ ಸಾಕು. ಒಂದು ಹಲಗೆಯ ಅಂಚಿನ ನಾಲಿಗೆಯನ್ನು ಮತ್ತೊಂದರ ತೋಡಿಗೆ ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದರೆ ಟಕ್ಕೆಂದು ಕೂರುತ್ತದೆ. ಮೊಳೆ ಬೇಡ, ಗೋಂದು ಬೇಡ. ಆದರೂ ಹಾಸಿದ ವರ್ಷದೊಳಗೇ ಉಬ್ಬಿದ, ಸಂದಿ ಬಿಟ್ಟ, ಕಾಲಿಟ್ಟಲ್ಲೆಲ್ಲ ಕಿರುಗುಟ್ಟುವ ನೆಲಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಬಹುಪಾಲು ಕೆಟ್ಟದ್ದು ಜೋಡಣೆಯ ತಪ್ಪಿನಿಂದಲ್ಲ, ನೀರಿನಿಂದ: ಕೆಳಗಿನ ಕಾಂಕ್ರೀಟಿನಿಂದ ಏರಿದ ತೇವ, ಮಳೆಗಾಲದ ಗಾಳಿಯ ತೇವ, ದಿನವೂ ನೆಲ ಒರೆಸುವ ಬಕೆಟ್ಟಿನ ತೇವ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ಹಲಗೆ ಕೂರಿಸುವ ಭಾಗ ಅರ್ಧಕ್ಕಿಂತ ಕಡಿಮೆ. ಉಳಿದದ್ದೆಲ್ಲ ಅದಕ್ಕೆ ಮುಂಚಿನ ಮತ್ತು ಆಮೇಲಿನ ಕೆಲಸ.

ನಾನಿಲ್ಲಿ ಹೇಳುವುದು ಟೈಲ್ಸ್ ಅಥವಾ ಸಿಮೆಂಟಿನ ನೆಲದ ಮೇಲೆ ಅಂಟಿಸದೆ ತೇಲುವಂತೆ ಹಾಸುವ ವಿಧಾನವನ್ನು. ಅಂಟಿಸುವ ಪದ್ಧತಿಯೂ ಇದೆ, ಮೊಳೆ ಹೊಡೆಯುವ ಪದ್ಧತಿಯೂ ಇದೆ. ಮೊದಲನೆಯದರಲ್ಲಿ ಅಂಟು ಒಣಗುವ ಮುಂಚೆ ಹಲಗೆ ಸರಿಯಾಗಿ ಕೂರಬೇಕು. ಕೂರದಿದ್ದರೆ ಕೀಳುವಾಗ ಹಲಗೆಯೂ ಹಾಳು, ಕೆಳಗಿನ ನೆಲವೂ ಹಾಳು. ಎರಡನೆಯದಕ್ಕೆ ಕೆಳಗೆ ಮರದ ನೆಲವಿರಬೇಕು. ನಮ್ಮ ಮನೆಗಳಲ್ಲಿ ಅದಿರುವುದು ಹಳೆಯ ಅಟ್ಟದ ಮನೆಗಳಲ್ಲಷ್ಟೇ. ಮೊದಲ ಸಲ ಕೈಹಾಕುವವರಿಗೆ ತೇಲುವ ನೆಲವೇ ಸರಿ. ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು.

ಯಾವ ಕೋಣೆಗೆ ಬೇಡ

ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಜಾಗ, ಬಾಲ್ಕನಿ ಇವಕ್ಕೆ ಬೇಡವೇ ಬೇಡ. ಅಭಿಷೇಕ ಮಾಡುವ ದೇವರ ಕೋಣೆಗೂ ಬೇಡ. ನೀರಿನ ಜೊತೆ ಅಲ್ಲಿ ದೀಪದ ಎಣ್ಣೆಯೂ ಇದೆ. ತಲೆಬಾಗಿಲ ಒಳಗಿನ ಮೊದಲ ಮೂರು ನಾಲ್ಕು ಅಡಿಯನ್ನು ಕಲ್ಲು ಅಥವಾ ಟೈಲ್ಸ್ ಆಗಿಯೇ ಬಿಡಿ. ಹೊಸ್ತಿಲು ತೊಳೆದ ನೀರು, ಒದ್ದೆ ಚಪ್ಪಲಿ, ಕೊಡೆಯಿಂದ ತೊಟ್ಟಿಕ್ಕುವ ಮಳೆನೀರು ಎಲ್ಲವೂ ಮೊದಲು ಬೀಳುವುದು ಅಲ್ಲೇ.

ನೆಲಮಹಡಿಯ ಮನೆಯಾದರೆ ಇನ್ನಷ್ಟು ಯೋಚಿಸಿ. ಮಣ್ಣಿನಿಂದ ತೇವ ಏರುತ್ತದೆ, ತೇವದ ಹಿಂದೆ ಗೆದ್ದಲು ಬರುತ್ತದೆ. ಗೋಡೆಯ ಬುಡದಲ್ಲಿ ಸುಣ್ಣ ಉದುರುತ್ತಿದ್ದರೆ ಮೊದಲು ಆ ತೇವದ ಮೂಲವನ್ನು ಸರಿಪಡಿಸಿ, ನೆಲದ ವಿಚಾರ ಆಮೇಲೆ. ಹಳೆಯ ಮನೆಯಲ್ಲಿ ಬಿರುಕಿಲ್ಲದ ಕೆಂಪು ಕಾವಿ ನೆಲವಿದ್ದರಂತೂ ಅದನ್ನು ಮುಚ್ಚುವ ಆಲೋಚನೆಯನ್ನೇ ಬಿಡಿ. ಆ ನೆಲಕ್ಕೆ ಬರುವ ಹೊಳಪು ಕಾರ್ಖಾನೆಯ ಯಾವ ಹಲಗೆಗೂ ಬರುವುದಿಲ್ಲ. ಅದನ್ನು ಮತ್ತೆ ಹಾಕಿಸಲು ಕೈಬಲ್ಲ ಕೆಲಸಗಾರರು ಸಿಗುವುದೂ ಕಷ್ಟ.

ಮಹಡಿ ಮೇಲಿನ ಮಲಗುವ ಕೋಣೆ, ಓದುವ ಕೋಣೆ, ಟಿವಿ ಇರುವ ಕೋಣೆ ಈ ನೆಲಕ್ಕೆ ಹೇಳಿಮಾಡಿಸಿದ ಜಾಗಗಳು.

ಅಂಗಡಿಯಲ್ಲಿ ಕೇಳಬೇಕಾದದ್ದು

ಬಿದಿರಿನ ಹಲಗೆಯಲ್ಲಿ ಮೂರು ಬಗೆ. ಸೀಳಿದ ಪಟ್ಟಿಗಳನ್ನು ಮಲಗಿಸಿ ಅಂಟಿಸಿದ್ದು ಒಂದು. ಇದರಲ್ಲಿ ಬಿದಿರಿನ ಗೆಣ್ಣುಗಳು ಎದ್ದು ಕಾಣುತ್ತವೆ. ಅದೇ ಪಟ್ಟಿಗಳನ್ನು ನಿಲ್ಲಿಸಿ ಅಂಟಿಸಿದ್ದು ಎರಡನೆಯದು. ಗೆರೆಗಳು ಸಣ್ಣ, ನೋಟ ಸೌಮ್ಯ. ಬಿದಿರನ್ನು ನಾರುನಾರಾಗಿ ಜಜ್ಜಿ, ರಾಳದಲ್ಲಿ ಅದ್ದಿ, ಭಾರೀ ಒತ್ತಡದಲ್ಲಿ ಅಚ್ಚು ಹಾಕಿದ್ದು ಮೂರನೆಯದು. ಅಂಗಡಿಯವರು ಇದನ್ನು ಸ್ಟ್ರ್ಯಾಂಡ್ ವೋವನ್ ಎನ್ನುತ್ತಾರೆ. ಗಟ್ಟಿತನವನ್ನು ಅಳೆಯುವ ಜಾಂಕಾ ಪರೀಕ್ಷೆಯಲ್ಲಿ ಕೆಂಪು ಓಕ್ ಮರದ ಅಂಕ 1290. ಮೊದಲ ಎರಡು ಬಗೆಯ ಬಿದಿರು ಅದರ ಆಸುಪಾಸಿನಲ್ಲೇ ಇರುತ್ತದೆ. ಮೂರನೆಯದರ ಒಳ್ಳೆಯ ಸರಕು 3000 ದಾಟುತ್ತದೆ. ಕುರ್ಚಿ ಎಳೆಯುವ, ಮಕ್ಕಳು ಆಟದ ಸಾಮಾನು ಎಸೆಯುವ ಮನೆಗೆ ಮೂರನೆಯದನ್ನೇ ಕೊಳ್ಳಿ.

ಕಾಫಿ ಬಣ್ಣದ ಹಲಗೆ ಚೆನ್ನಾಗಿ ಕಾಣುತ್ತದೆ. ಆದರೆ ಆ ಬಣ್ಣ ಬಳಿದದ್ದಲ್ಲ. ಒತ್ತಡದ ಉಗಿಯಲ್ಲಿ ಬಿದಿರಿನ ಸಕ್ಕರೆ ಅಂಶ ಕಂದಿ ಬಂದದ್ದು. ಹಾಗೆ ಬೇಯಿಸಿದ ಬಿದಿರು ಸ್ವಲ್ಪ ಮೆತ್ತಗಾಗುತ್ತದೆ. ಮೊದಲ ಎರಡು ಬಗೆಯಲ್ಲಿ ಈ ವ್ಯತ್ಯಾಸ ಲೆಕ್ಕಕ್ಕೆ ಬರುತ್ತದೆ. ಅಚ್ಚು ಹಾಕಿದ್ದರಲ್ಲಿ ಅಷ್ಟಾಗಿ ಬಾಧಿಸುವುದಿಲ್ಲ.

ಮಾರುಕಟ್ಟೆಯ ಬಹುಪಾಲು ಸರಕು ಚೀನಾದ ಮೋಸೋ ಎಂಬ ಜಾತಿಯ ಬಿದಿರಿನದು. ನಮ್ಮ ದೇಶದ್ದೂ ಇದೆ: 2023ರಲ್ಲಿ ಉದ್ಘಾಟನೆಯಾದ ಹೊಸ ಸಂಸತ್ ಭವನದ ಬಿದಿರಿನ ನೆಲ ತ್ರಿಪುರಾದಿಂದ ಬಂದದ್ದು. ಬಿದಿರನ್ನು ಹೀಗೆ ಹಲಗೆಯಾಗಿಸಿದರೆ ಹೇಗೆ ಕಾಣುತ್ತದೆ ಎಂಬುದನ್ನು ನೋಡಬೇಕಿದ್ದರೆ ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್‌ನಲ್ಲಿ ಕತ್ತೆತ್ತಿ ನೋಡಿ. ಚಾವಣಿಯುದ್ದಕ್ಕೂ ಇರುವುದು ಅದೇ.

ಕೊಳ್ಳುವಾಗ ನಾಲ್ಕು ಪ್ರಶ್ನೆ ಕೇಳಿ. ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಎಂಬ ಹಾನಿಕರ ಅನಿಲದ ಮಟ್ಟ ಇ-1 ದರ್ಜೆಯದೋ (ಕಡಿಮೆ ಹೊರಸೂಸುವ ದರ್ಜೆ) ಅದಕ್ಕಿಂತ ಉತ್ತಮವೋ? ಹಲಗೆಯ ಅಂಚು ಒಂದಕ್ಕೊಂದು ಬೀಗದಂತೆ ಕೂರುವ ಕ್ಲಿಕ್ ಮಾದರಿಯದೋ, ಬರೀ ನಾಲಿಗೆ–ತೋಡಿನದೋ? ತೇಲುವಂತೆ ಹಾಸಿದರೂ ವಾರಂಟಿ ಇದೆಯೇ? ಎಲ್ಲ ಪೆಟ್ಟಿಗೆಗಳ ಮೇಲೂ ಒಂದೇ ಬ್ಯಾಚ್ ಸಂಖ್ಯೆ ಇದೆಯೇ? ಎರಡನೇ ಪ್ರಶ್ನೆಯನ್ನು ಬಾಯಿಮಾತಿಗೆ ಬಿಡಬೇಡಿ. ಎರಡು ಮಾದರಿ ತುಂಡು ಕೇಳಿ ಪಡೆದು ಅಲ್ಲೇ ಜೋಡಿಸಿ. ಬೀಗ ಬಿದ್ದ ಮೇಲೆ ಬೆರಳಿನಿಂದ ಸವರಿದರೆ ಸಂದಿಯಲ್ಲಿ ಏರುತಗ್ಗು ಸಿಗಬಾರದು, ಉಗುರು ಇಳಿಯಬಾರದು.

ಕೆಳಗಿನ ನೆಲದ ಪರೀಕ್ಷೆ

ಟೈಲ್ಸ್ ಕೀಳಬೇಕಾಗಿಲ್ಲ. ಅದು ಅಲುಗದೆ, ಮಟ್ಟವಾಗಿ, ಒಣಗಿ ಇದ್ದರೆ ಅದಕ್ಕಿಂತ ಒಳ್ಳೆಯ ತಳ ಬೇರೆ ಬೇಡ.

ಮೊದಲು ಸದ್ದು. ಸ್ಕ್ರೂಡ್ರೈವರಿನ ಹಿಡಿಯಿಂದ ಪ್ರತಿ ಟೈಲ್ಸ್ ತಟ್ಟುತ್ತಾ ಹೋಗಿ. ಟೊಳ್ಳು ಸದ್ದು ಬಂದದ್ದರ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಒಂದು ಮೂಲೆಯಲ್ಲಿ ಮಾತ್ರ ಟೊಳ್ಳಿದ್ದು, ತುಳಿದರೆ ಅಲುಗದಿದ್ದರೆ ಬಿಡಬಹುದು. ಅಲುಗುವುದನ್ನು ತೆಗೆದು ಮತ್ತೆ ಕೂರಿಸಲೇಬೇಕು, ಇಲ್ಲವೇ ಆ ಜಾಗವನ್ನು ಸಿಮೆಂಟಿನಿಂದ ತುಂಬಬೇಕು.

ಆಮೇಲೆ ಮಟ್ಟ. ಎರಡು ಮೀಟರಿನ ಅಲ್ಯೂಮಿನಿಯಂ ಪಟ್ಟಿಯೊಂದನ್ನು ನೆಲದ ಮೇಲೆ ಉದ್ದ, ಅಡ್ಡ, ಮೂಲೆಯಿಂದ ಮೂಲೆಗೆ ಇಟ್ಟು ಕೆಳಗೆ ಬೆಳಕು ಕಾಣುತ್ತದೆಯೇ ನೋಡಿ. ಪಟ್ಟಿಯ ಕೆಳಗೆ 3 ಮಿಲಿಮೀಟರಿಗಿಂತ ಹೆಚ್ಚು ಸಂದಿ ಇರಬಾರದು. ನೆಲ ಒಟ್ಟಾರೆ ಒಂದು ಕಡೆಗೆ ಇಳಿಜಾರಾಗಿದ್ದರೆ ಚಿಂತೆಯಿಲ್ಲ. ನಡುವೆ ಗುಳಿಯೋ ದಿಬ್ಬವೋ ಇದ್ದರೆ ಮಾತ್ರ ಚಿಂತೆ. ಗುಳಿಯ ಮೇಲೆ ಬಂದ ಹಲಗೆ ಪ್ರತಿ ಹೆಜ್ಜೆಗೂ ಬಗ್ಗಿ ಏಳುತ್ತದೆ, ಕೊನೆಗೆ ಬೀಗದ ನಾಲಿಗೆ ಮುರಿಯುತ್ತದೆ. ಕಿರುಗುಟ್ಟುವ ನೆಲದ ಹುಟ್ಟು ಇಲ್ಲೇ. ದಿಬ್ಬವನ್ನು ಗ್ರೈಂಡರಿನಿಂದ ಉಜ್ಜಿ ಇಳಿಸಿ. ಟೈಲ್ಸ್ ಮತ್ತು ಕಾಂಕ್ರೀಟಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಒಳ್ಳೆಯ ಮುಖಗವಸಿಲ್ಲದೆ ಈ ಕೆಲಸ ಮಾಡಬೇಡಿ. ಗುಳಿಗೆ ತಾನಾಗಿ ಹರಡಿ ಮಟ್ಟವಾಗುವ ಸೆಲ್ಫ್ ಲೆವೆಲಿಂಗ್ ಸಿಮೆಂಟ್ ಮಿಶ್ರಣ ಸುರಿಯಿರಿ. ನಯವಾದ ಟೈಲ್ಸ್ ಮೇಲೆ ಅದು ಹಿಡಿಯಬೇಕಾದರೆ ಮೊದಲು ಅದರದೇ ಪ್ರೈಮರ್ ಬಳಿಯಬೇಕು. ಗುಳಿಗೆ ಹಳೆಯ ದಿನಪತ್ರಿಕೆ ಅಥವಾ ಎರಡು ಪದರ ಫೋಮ್ ತುಂಬಿ ಮುಗಿಸುವವರೂ ಇದ್ದಾರೆ. ಆರು ತಿಂಗಳಲ್ಲಿ ಅದು ಅಮುಕಿ ಗುಳಿ ಮತ್ತೆ ಗುಳಿಯೇ ಆಗುತ್ತದೆ.

ಕೊನೆಗೆ ತೇವ. ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಒಂದು ಪೂರ್ತಿ ದಿನ ಬಿಡಿ. ಟೈಲ್ಸ್ ಒಳಗಿಂದ ತೇವ ಬರುವುದಿಲ್ಲ, ಸಂದಿಯಿಂದ ಬರುತ್ತದೆ. ಆದ್ದರಿಂದ ಎರಡು ಸಂದಿ ಕೂಡುವ ಜಾಗದ ಮೇಲೆ ಹಾಳೆ ಇರಲಿ. ಬಿಡಿಸಿದಾಗ ಒಳಮೈಯಲ್ಲಿ ಬೆವರಿನಂತೆ ಹನಿ ಕಂಡರೆ, ಅಥವಾ ಸಿಮೆಂಟ್ ಕಪ್ಪಾಗಿದ್ದರೆ ನೆಲ ಇನ್ನೂ ಸಿದ್ಧವಾಗಿಲ್ಲ. ಬಚ್ಚಲಿಗೆ ಅಂಟಿದ ಗೋಡೆಯ ಪಕ್ಕದಲ್ಲಿ, ಹೊರಗೋಡೆಯ ಪಕ್ಕದಲ್ಲಿ, ಕೋಣೆಯ ನಡುವೆ, ಹೀಗೆ ಮೂರು ಕಡೆಯಾದರೂ ಮಾಡಿ. ಹೊಸದಾಗಿ ಕಟ್ಟಿದ ಮನೆಯಾದರೆ ಇಂಚು ದಪ್ಪಕ್ಕೆ ಒಂದು ತಿಂಗಳಂತೆ ಕಾಂಕ್ರೀಟ್ ಒಣಗಲು ಬಿಡುವುದು ವಾಡಿಕೆಯ ಲೆಕ್ಕ. ಗೃಹಪ್ರವೇಶದ ಮುಹೂರ್ತ ಹತ್ತಿರ ಬಂತೆಂದು ಹಸಿ ನೆಲದ ಮೇಲೆ ಹಲಗೆ ಹಾಸಬೇಡಿ.

ಹಲಗೆಗೆ ಮನೆಯ ಹವೆ ಹೊಂದಿಸುವುದು

ಎಲ್ಲರೂ ಆತುರಪಡುವ ಘಟ್ಟ ಇದು. ಬಿದಿರು ಗಾಳಿಯ ತೇವವನ್ನು ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಹಲಗೆಯಾದ ಮೇಲೂ ಆ ಗುಣ ಹೋಗುವುದಿಲ್ಲ. ಕಾರ್ಖಾನೆಯಲ್ಲಿ ಚೆನ್ನಾಗಿ ಒಣಗಿಸಿದ ಹಲಗೆ ನಿಮ್ಮ ಕೋಣೆಯ ಹವೆಗೆ ಹೊಂದಿಕೊಂಡ ಮೇಲೆಯೇ ನೆಲಕ್ಕೆ ಹೋಗಬೇಕು.

ಮಾಮೂಲಿ ಬಿದಿರಿಗೆ 72 ಗಂಟೆ ಸಾಕು ಎನ್ನುತ್ತಾರೆ. ಅಚ್ಚು ಹಾಕಿದ ಹಲಗೆಗೆ ಸಾಲದು. ಅದು ಎಷ್ಟು ಒತ್ತಾಗಿದೆಯೆಂದರೆ ತೇವ ಒಳಹೋಗುವುದೂ ನಿಧಾನ, ಹೊರಬರುವುದೂ ನಿಧಾನ. ಹತ್ತರಿಂದ ಹದಿನೈದು ದಿನ ಕೊಡಿ. ಪೆಟ್ಟಿಗೆಯ ಎರಡೂ ತುದಿ ತೆರೆದು, ಪೆಟ್ಟಿಗೆಗಳ ನಡುವೆ ರೀಪರು ಇಟ್ಟು, ಗೋಡೆಯಿಂದ ದೂರದಲ್ಲಿ, ಹಾಸುವ ಕೋಣೆಯಲ್ಲೇ ಮಲಗಿಸಿ ಜೋಡಿಸಿ. ನಿಲ್ಲಿಸಬೇಡಿ, ಹಲಗೆ ಬಿಲ್ಲಾಗುತ್ತದೆ. ಕೆಲವು ಕ್ಲಿಕ್ ಹಲಗೆಗಳ ಜೊತೆ ಬರುವ ಚೀಟಿಯಲ್ಲಿ ಪೆಟ್ಟಿಗೆ ತೆರೆಯಬಾರದು ಎಂದಿರುತ್ತದೆ. ಹಾಗಿದ್ದರೆ ಚೀಟಿಯ ಮಾತನ್ನೇ ಕೇಳಿ. ಆ ದಿನಗಳಲ್ಲಿ ಕೋಣೆಯನ್ನು ಎಂದಿನಂತೆ ಬಳಸಿ: ಏ.ಸಿ. ಹಾಕುವ ರೂಢಿಯಿದ್ದರೆ ಹಾಕಿ, ಕಿಟಕಿ ತೆರೆಯುವ ರೂಢಿಯಿದ್ದರೆ ತೆರೆಯಿರಿ.

ಹೊಂದಿಕೊಂಡಿತೆಂದು ತಿಳಿಯುವುದು ಹೇಗೆ? ಮರದ ತೇವ ಅಳೆಯುವ ಮೀಟರ್ ಇದೆ. ಆದರೆ ಅದರ ಅಂಕಿ ಸಾಮಾನ್ಯ ಮರಕ್ಕೆ ಹೊಂದಿಸಿದ್ದು, ಅಚ್ಚು ಹಾಕಿದ ಬಿದಿರಿನ ಮೇಲೆ ಅದನ್ನು ಪೂರ್ತಿ ನಂಬುವಂತಿಲ್ಲ. ಅಡುಗೆಮನೆಯ ತಕ್ಕಡಿ ಇದಕ್ಕಿಂತ ಪ್ರಾಮಾಣಿಕ. 1850 ಮಿ.ಮೀ. ಉದ್ದ, 125 ಅಗಲ, 14 ದಪ್ಪದ ಒಂದು ಹಲಗೆ ಸುಮಾರು ಮೂರೂವರೆ ಕಿಲೋ ತೂಗುತ್ತದೆ. ಅದರ ತೇವಾಂಶ ಶೇಕಡಾ ಒಂದರಷ್ಟು ಏರಿಳಿದರೆ ತೂಕದಲ್ಲಿ ಮೂವತ್ತು ಗ್ರಾಂ ಆಸುಪಾಸಿನ ವ್ಯತ್ಯಾಸ ಬರುತ್ತದೆ. ಐದು ಕಿಲೋ ತೂಗುವ ಡಿಜಿಟಲ್ ತಕ್ಕಡಿಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬೇರೆ ಬೇರೆ ಪೆಟ್ಟಿಗೆಯ ಎರಡು ಹಲಗೆಗೆ ಗುರುತು ಹಾಕಿ, ದಿನವೂ ಒಂದೇ ಹೊತ್ತಿಗೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ಸತತ ಮೂರು ದಿನ ತೂಕ ಕದಲದಿದ್ದರೆ ಹಲಗೆ ಸಿದ್ಧ.

ಕಾಲವನ್ನೂ ನೋಡಿ. ಆಷಾಢದ ಜಡಿಮಳೆಯಲ್ಲಿ ಹಿಗ್ಗಿದ ಹಲಗೆ ಹಾಸಿದರೆ ಮಾರ್ಚ್ ತಿಂಗಳಲ್ಲಿ ಸಂದಿ ಬಿಡುತ್ತದೆ. ಕಲಬುರಗಿ, ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ಹಾಸಿದ ಹಲಗೆ ಮಳೆಗಾಲಕ್ಕೆ ಗೋಡೆಯನ್ನು ತಳ್ಳುತ್ತದೆ. ದೀಪಾವಳಿ ಕಳೆದ ಮೇಲಿನ ಎರಡು ತಿಂಗಳು ಬೆಂಗಳೂರು, ಮೈಸೂರಿನ ಕಡೆಗೆ ಒಳ್ಳೆಯ ಕಾಲ. ಮಂಗಳೂರು, ಉಡುಪಿ, ಕಾರವಾರದಲ್ಲಿ ತೇವ ವರ್ಷದ ಬಹುಕಾಲ ಇದ್ದೇ ಇರುತ್ತದೆ; ಅಲ್ಲಿ ಹಲಗೆ ಹಿಗ್ಗಲೆಂದು ಗೋಡೆಯ ಬಳಿ ಬಿಡುವ 12 ಮಿ.ಮೀ. ಸಂದಿಯನ್ನು 15 ಮಿ.ಮೀ.ಗೆ ಏರಿಸಿ, ಒಂದೊಂದು ಕೋಣೆಯನ್ನೂ ಬೇರೆಯಾಗಿಯೇ ಹಾಸಿ.

ಕಾಗದದ ಮೇಲಿನ ಲೆಕ್ಕ

ಗರಗಸ ಮುಟ್ಟುವ ಮುಂಚೆ ಪೆನ್ಸಿಲು ಹಿಡಿಯಿರಿ. ಹತ್ತಡಿ–ಹನ್ನೆರಡಡಿಯ ಕೋಣೆಯನ್ನೇ ತೆಗೆದುಕೊಳ್ಳೋಣ: ಸ್ಕರ್ಟಿಂಗ್ ಟೈಲ್ಸಿನ ಮುಖದಿಂದ ಮುಖಕ್ಕೆ 3050 ಮಿ.ಮೀ. ಅಗಲ, 3660 ಉದ್ದ. ಹಲಗೆ ಮೇಲೆ ಹೇಳಿದ ಅಳತೆಯದೇ. ಹಲಗೆಗಳು ಉದ್ದಕ್ಕೆ ಓಡಲಿ. ಕಿಟಕಿಯ ಬೆಳಕು ಬೀಳುವ ದಿಕ್ಕಿಗೇ ಇದ್ದರೆ ಸಂದಿಗಳು ಕಣ್ಣಿಗೆ ಬೀಳುವುದಿಲ್ಲ.

ಸುತ್ತಲೂ 12 ಮಿ.ಮೀ. ಸಂದಿ ಬಿಡಬೇಕು. ಎರಡು ಬದಿಗೆ 24 ಕಳೆದರೆ ಅಗಲದಲ್ಲಿ ಉಳಿಯುವುದು 3026. ಇದನ್ನು 125ರಿಂದ ಭಾಗಿಸಿದರೆ 24 ಪೂರ್ತಿ ಸಾಲು, ಮೇಲೆ 26 ಮಿ.ಮೀ. ಚೂರು. ಎರಡು ಬೆರಳಗಲದ ಆ ಕೊನೆಯ ಸಾಲನ್ನು ಕತ್ತರಿಸುವುದೂ ಕಷ್ಟ, ಕೂರಿಸುವುದೂ ಕಷ್ಟ, 50 ಮಿ.ಮೀ.ಗಿಂತ ಕಿರಿದಾದ ಸಾಲು ನಿಲ್ಲುವುದಿಲ್ಲ. ಉಪಾಯ ಸರಳ. ಒಂದು ಪೂರ್ತಿ ಹಲಗೆಯ 125ಕ್ಕೆ ಆ 26 ಕೂಡಿಸಿ ಎರಡು ಪಾಲು ಮಾಡಿ: 75.5. ಮೊದಲ ಸಾಲೂ ಕೊನೆಯ ಸಾಲೂ 75.5 ಮಿ.ಮೀ., ನಡುವೆ 23 ಪೂರ್ತಿ ಸಾಲು. ಎರಡೂ ಗೋಡೆಯ ಬಳಿ ಒಂದೇ ಅಗಲ ಕಾಣುತ್ತದೆ.

ಇನ್ನು ಉದ್ದ. 3660ರಲ್ಲಿ 24 ಕಳೆದರೆ 3636. ಪಕ್ಕದ ಸಾಲುಗಳ ಅಡ್ಡಸಂದಿಗಳ ನಡುವೆ ಕನಿಷ್ಠ ಒಂದಡಿ ಅಂತರವಿರಬೇಕು. ಮೊದಲ ಸಾಲು: ಪೂರ್ತಿ 1850, ಆಮೇಲೆ 1786. ಎರಡನೆಯದು: 1233, ಪೂರ್ತಿ 1850, ಕೊನೆಗೆ 553. ಮೂರನೆಯದು: 617, ಪೂರ್ತಿ 1850, ಕೊನೆಗೆ 1169. ನಾಲ್ಕನೆಯದು ಮತ್ತೆ ಮೊದಲಿನಂತೆ. ಇದರ ಸೊಗಸು ನೋಡಿ: ಎರಡನೇ ಸಾಲಿಗೆ 1233 ಕತ್ತರಿಸಿದಾಗ ಉಳಿಯುವ 617ರ ತುಂಡೇ ಅದೇ ಸಾಲಿನ ಕೊನೆಯ 553 ಆಗುತ್ತದೆ, ಮೂರನೇ ಸಾಲಿನಲ್ಲೂ ಹಾಗೆಯೇ, 617 ತೆಗೆದು ಉಳಿದ 1233ರಿಂದ 1169. ಪ್ರತಿ ಸಾಲಿಗೆ ಸರಿಯಾಗಿ ಎರಡು ಹಲಗೆ. ಸಾಲಿನ ಮೊದಲ ತುಂಡಿಗೆ ಬಲತುದಿಯ ಬೀಗ ಬೇಕು, ಕೊನೆಯದಕ್ಕೆ ಎಡತುದಿಯದು. ಇದನ್ನು ಮರೆತು ತಪ್ಪು ತುದಿ ಕತ್ತರಿಸಿದರೆ ತುಂಡು ಸೌದೆಗೆ ಹೋಗುತ್ತದೆ.

25 ಸಾಲು, 50 ಹಲಗೆ, ಸುಮಾರು 125 ಚದರಡಿ. ಆದರೂ ಹತ್ತು ಶೇಕಡಾ ಹೆಚ್ಚಿಗೆ ಕೊಂಡು, ಪೆಟ್ಟಿಗೆಯ ಲೆಕ್ಕಕ್ಕೆ ಮೇಲಕ್ಕೆ ಸರಿಹೊಂದಿಸಿ. ಅಂಚು ಒಡೆದ ಹಲಗೆ ಪೆಟ್ಟಿಗೆಯಲ್ಲೊಂದು ಇದ್ದೇ ಇರುತ್ತದೆ, ಉಳಿದದ್ದು ಮುಂದೆ ರಿಪೇರಿಗೆ ಬೇಕಾಗುತ್ತದೆ. ಒಡೆದ ಹಲಗೆಯನ್ನು ಹಾಸುವ ಮುಂಚೆಯೇ ಬೇರೆ ಮಾಡಿ. ಒಮ್ಮೆ ಕತ್ತರಿಸಿ ಹಾಸಿದ್ದನ್ನು ಯಾವ ಅಂಗಡಿಯೂ ವಾಪಸು ಪಡೆಯುವುದಿಲ್ಲ.

ಸಲಕರಣೆ

ಟೇಪು, ಮೂಲೆಮಟ್ಟ, ಪೆನ್ಸಿಲು, ಬಣ್ಣದ ದಾರ, ರಬ್ಬರ್ ಸುತ್ತಿಗೆ, ಕೈಗರಗಸ, ಮೊಣಕಾಲಿಗೆ ಮೆತ್ತೆ. ಕೊನೆಯದನ್ನು ಹಗುರವಾಗಿ ಕಾಣಬೇಡಿ. ಹಲಗೆ ತಟ್ಟಿ ಕೂರಿಸಲು ಅದೇ ಹಲಗೆಯ ಒಂದಡಿ ತುಂಡು ಸಾಕು. ಸುತ್ತಿಗೆಯಿಂದ ನೇರವಾಗಿ ಅಂಚಿಗೆ ಹೊಡೆದರೆ ಬೀಗ ಜಜ್ಜಿಹೋಗುತ್ತದೆ. ಗೋಡೆಯ ಪಕ್ಕದ ಹಲಗೆ ಎಳೆದು ಕೂರಿಸಲು ಎರಡೂ ತುದಿ ಬಗ್ಗಿಸಿದ ಪುಲ್ ಬಾರ್ ಎಂಬ ಕಬ್ಬಿಣದ ಪಟ್ಟಿ ಬೇಕು. ಗೋಡೆಯ ಬಳಿ ಸಂದಿ ಬಿಡಲು ಪ್ಲಾಸ್ಟಿಕ್ ಬೆಣೆಗಳನ್ನು ಮಾರುತ್ತಾರೆ, ಕೊಳ್ಳಬೇಕಾಗಿಲ್ಲ. ಬಡಗಿಯ ಅಂಗಡಿಯಲ್ಲಿ ಬಿದ್ದಿರುವ 12 ಮಿ.ಮೀ. ಪ್ಲೈವುಡ್ ಚೂರುಗಳನ್ನು ಕೇಳಿ ತನ್ನಿ. ಅದರ ದಪ್ಪವೇ ನಿಮಗೆ ಬೇಕಾದ ಅಳತೆ.

ಕತ್ತರಿಸುವುದಕ್ಕೆ ಮಾತ್ರ ಕೈಗರಗಸ ನೆಚ್ಚಿಕೊಳ್ಳಬೇಡಿ. ಅಚ್ಚು ಹಾಕಿದ ಬಿದಿರು ಸಾಗುವಾನಿಗಿಂತ ಬಹಳ ಗಟ್ಟಿ, ನಾಲ್ಕು ಹಲಗೆಗೆ ಕೈ ಸೋಲುತ್ತದೆ. ಅಡ್ಡ ಕೊಯ್ಯಲು ಮೈಟರ್ ಗರಗಸವನ್ನೂ, ಉದ್ದ ಸೀಳಲು ಸರ್ಕ್ಯುಲರ್ ಗರಗಸವನ್ನೂ ಬಾಡಿಗೆಗೆ ತನ್ನಿ. ಕಾರ್ಬೈಡ್ ಮೊನೆಯ, 60ಕ್ಕಿಂತ ಹೆಚ್ಚು ಹಲ್ಲಿನ ಹೊಸ ಬ್ಲೇಡ್ ಹಾಕಿಸಿ. ಕೈಯಲ್ಲಿ ಹಿಡಿದು ಓಡಿಸುವ ಸರ್ಕ್ಯುಲರ್ ಗರಗಸ ಮತ್ತು ಜಿಗ್ ಸಾ ಕೆಳಗಿಂದ ಮೇಲಕ್ಕೆ ಕೊಯ್ಯುತ್ತವೆ. ಅವುಗಳಿಗೆ ಹಲಗೆಯ ಮುಖ ಕೆಳಗಿರಬೇಕು. ಮೈಟರ್ ಗರಗಸಕ್ಕೆ ಮುಖ ಮೇಲಿರಬೇಕು. ಕೊಯ್ಯುವ ಗೆರೆಯ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿದರೆ ಅಂಚಿನ ಸಿಬಿರು ಏಳುವುದಿಲ್ಲ. ಕನ್ನಡಕ, ಮುಖಗವಸು ಕಡ್ಡಾಯ. ಅಪಾರ್ಟ್‌ಮೆಂಟ್ ಆದರೆ ಮಧ್ಯಾಹ್ನದ ನಿದ್ದೆಯ ಹೊತ್ತಿನಲ್ಲಿ ಗರಗಸ ಓಡಿಸದಿರುವುದು ನೆರೆಹೊರೆಯ ಸ್ನೇಹಕ್ಕೆ ಒಳ್ಳೆಯದು.

ಹಾಳೆ, ಫೋಮ್

ನೆಲವನ್ನು ಗುಡಿಸಿ, ವ್ಯಾಕ್ಯೂಮ್ ಮಾಡಿ. ಒಂದು ಮರಳು ಕಾಳು ಉಳಿದರೂ ಅದು ವರ್ಷವಿಡೀ ಸದ್ದು ಮಾಡುತ್ತದೆ. 200 ಮೈಕ್ರಾನ್ ದಪ್ಪದ ಪಾಲಿಥೀನ್ ಹಾಳೆ ಹರಡಿ. ಹಾಳೆಯ ಮೇಲೆ ಹಾಳೆ 200 ಮಿ.ಮೀ. ಏರಲಿ, ಸಂದಿಗೆ ಉದ್ದಕ್ಕೂ ಟೇಪ್ ಬೀಳಲಿ. ಅಂಚು ಗೋಡೆಯ ಮೇಲೆ ಎರಡಿಂಚು ಹತ್ತಿರಲಿ. ಹೆಚ್ಚಾದದ್ದನ್ನು ಕೊನೆಗೆ ಕತ್ತರಿಸಿದರಾಯಿತು.

ಅದರ ಮೇಲೆ 2 ಅಥವಾ 3 ಮಿ.ಮೀ. ಫೋಮ್, ಅಂಚಿಗೆ ಅಂಚು ತಾಗಿಸಿ. ಫೋಮ್ ಮೇಲೆ ಫೋಮ್ ಏರಬಾರದು. ದಪ್ಪ ಫೋಮ್ ಹಾಕಿದರೆ ಕಾಲಿಗೆ ಮೆತ್ತಗಿರುತ್ತದೆಂದು ಅಂಗಡಿಯಲ್ಲಿ ಹೇಳಿದರೆ ಒಪ್ಪಬೇಡಿ. ಮೆತ್ತಗಾದಷ್ಟೂ ಹಲಗೆ ಬಗ್ಗುತ್ತದೆ, ಬೀಗಕ್ಕೆ ಪೆಟ್ಟು. ಒಂದು ಮುಖಕ್ಕೆ ಪ್ಲಾಸ್ಟಿಕ್ ಅಂಟಿಸಿದ ಫೋಮ್ ಕೊಂಡಿದ್ದರೆ ಮೇಲಿನ ಮಹಡಿಗಳಲ್ಲಿ ಬೇರೆ ಹಾಳೆ ಬೇಡ.

ಮೊದಲ ಮೂರು ಸಾಲು

ನಮ್ಮ ಗೋಡೆಗಳು ನೇರವಾಗಿರುವುದಿಲ್ಲ. ಗೋಡೆಯನ್ನು ನಂಬಿ ಮೊದಲ ಸಾಲು ಹಾಕಿದರೆ ಅದರ ಸೊಟ್ಟ ಕೊನೆಯ ಸಾಲಿನವರೆಗೂ ಬರುತ್ತದೆ. ಎರಡೂ ತುದಿಯಲ್ಲಿ ಗೋಡೆಯಿಂದ ಒಂದೇ ದೂರಕ್ಕೆ ಗುರುತು ಮಾಡಿ ಬಣ್ಣದ ದಾರ ಹೊಡೆಯಿರಿ, ಆ ಗೆರೆಗೆ ಸಾಲು ಹೊಂದಿಸಿ. ಗೋಡೆಯ ಕಡೆಯ ಏರುಪೇರಿಗೆ ತಕ್ಕಂತೆ ಹಲಗೆಯ ಅಂಚನ್ನು ಕೊಯ್ದುಕೊಳ್ಳಬೇಕು.

ಸಾಮಾನ್ಯವಾಗಿ ನಾಲಿಗೆ ಗೋಡೆಯ ಕಡೆಗೆ, ತೋಡು ನಿಮ್ಮ ಕಡೆಗೆ. ಚೀಟಿಯಲ್ಲಿ ಬೇರೆ ಹೇಳಿದ್ದರೆ ಅದರಂತೆ. ಮೊದಲ ಸಾಲನ್ನು 75.5ಕ್ಕೆ ಸೀಳುವಾಗ ನಾಲಿಗೆಯ ಭಾಗವೇ ಹೋಗುವುದರಿಂದ ತೋಡಿನ ಅಂಚು ಹಾಗೇ ಉಳಿಯುತ್ತದೆ. ಮೊದಲ ಸಾಲನ್ನು ಗೋಡೆಗೆ ತಾಗಿಸಲು ಹೆಣಗಬೇಡಿ. ಗೋಡೆಯಿಂದ ಎರಡಡಿ ಈಚೆಗೆ, ಕೈಯಾಡುವ ಜಾಗದಲ್ಲಿ ಕೂತು ಮೂರು ಸಾಲನ್ನು ಒಂದಕ್ಕೊಂದು ಬೀಗ ಹಾಕಿ ಜೋಡಿಸಿ. ಮೂರು ಸಾಲಾದಾಗ ಅದು ಒಂದೇ ತುಂಡಿನಂತೆ ಗಟ್ಟಿಯಾಗುತ್ತದೆ. ಆಗ ಇಬ್ಬರು ಸೇರಿ ನಿಧಾನವಾಗಿ ಗೋಡೆಯ ಕಡೆಗೆ ಜಾರಿಸಿ, ಪ್ಲೈವುಡ್ ಬೆಣೆಗಳನ್ನು ಅಡಿಗೊಂದರಂತೆ ಇಡಿ. ಮತ್ತೊಮ್ಮೆ ದಾರ ಹಿಡಿದು ನೋಡಿ. ಇಲ್ಲಿ ಒಂದು ಮಿಲಿಮೀಟರ್ ಸೊಟ್ಟವಾದರೂ ಬಿಚ್ಚಿ ಸರಿಮಾಡಿ.

ಹಲಗೆ ಕೂರಿಸುವ ಕ್ರಮ: ನಾಲಿಗೆಯನ್ನು ಸುಮಾರು 25 ಡಿಗ್ರಿ ಓರೆಯಲ್ಲಿ ತೋಡಿಗೆ ಇಟ್ಟು, ಅಂಗೈಯಿಂದ ಮುಂದಕ್ಕೆ ಒತ್ತುತ್ತಾ ಕೆಳಗಿಳಿಸಿ. ಕೂರದಿದ್ದರೆ ಸುತ್ತಿಗೆಯ ಪೆಟ್ಟು ಜೋರು ಮಾಡಬೇಡಿ. ತೋಡಿನೊಳಗೆ ಬಿದಿರಿನ ಸಿಬಿರೋ ಹೊಟ್ಟೋ ಸಿಕ್ಕಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದು ಮತ್ತೆ ಇಡಿ.

ಉಳಿದ ಸಾಲು, ಬಾಗಿಲು, ಕೊನೆಯ ಗೋಡೆ

ಇಲ್ಲಿಂದ ಕೆಲಸ ಓಡುತ್ತದೆ. ಮೂರು ನಾಲ್ಕು ಪೆಟ್ಟಿಗೆಗಳಿಂದ ಹಲಗೆ ಬೆರೆಸಿ ತೆಗೆಯಿರಿ, ಬಣ್ಣದ ಛಾಯೆ ಒಂದೇ ಕಡೆ ಗುಂಪಾಗುವುದಿಲ್ಲ.

ಬಾಗಿಲ ಬಳಿ ನಿಲ್ಲಿ. 14 ಮಿ.ಮೀ. ಹಲಗೆ, 2 ಮಿ.ಮೀ. ಫೋಮ್, ನೆಲ 16 ಮಿ.ಮೀ. ಏರಿತು. ಒಳಗೆ ತೆರೆಯುವ ಬಾಗಿಲಿನ ಕೆಳಭಾಗವನ್ನು ಕತ್ತರಿಸಬೇಕಾದರೆ ಈಗಲೇ ಕಳಚಿ, ಸಂದಿಗೆ ನಾಲ್ಕೈದು ಮಿಲಿಮೀಟರ್ ಸೇರಿಸಿ ಕೊಯ್ಯಿಸಿ. ಮರದ ಚೌಕಟ್ಟಾದರೆ ಹಲಗೆಯ ತುಂಡನ್ನು ಫೋಮಿನ ಮೇಲಿಟ್ಟು, ಅದರ ಮೇಲೆ ಕೈಗರಗಸವನ್ನು ಚಪ್ಪಟೆಯಾಗಿ ಮಲಗಿಸಿ ಚೌಕಟ್ಟಿನ ಬುಡ ಕೊಯ್ಯಿರಿ. ಹಲಗೆ ಅದರ ಕೆಳಗೆ ತೂರುತ್ತದೆ, ಸಂದಿ ಕಾಣುವುದೇ ಇಲ್ಲ. ತೂರಿದ ಮೇಲೂ ಒಳಗೆ ಹಿಗ್ಗಲು ಜಾಗ ಉಳಿದಿರಬೇಕು. ಗ್ರಾನೈಟ್ ಚೌಕಟ್ಟಾದರೆ ಈ ಉಪಾಯ ನಡೆಯದು. ಸುತ್ತ 10 ಮಿ.ಮೀ. ಬಿಟ್ಟು ಹಿಗ್ಗಿ ಕುಗ್ಗುವ ಸೀಲೆಂಟ್ ತುಂಬಿ. ಬಚ್ಚಲಿನ ಗ್ರಾನೈಟ್ ಹೊಸ್ತಿಲಿಗೆ ತಾಗುವ ಅಂಚಿಗೂ ಸಿಲಿಕೋನ್ ಸೀಲೆಂಟ್ ಬೇಕೇ ಬೇಕು.

ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊಸ್ತಿಲಿಲ್ಲದೆ ಹಲಗೆ ಹರಿಯುತ್ತಾ ಹೋದರೆ ನೋಡಲು ಚಂದ. ಆದರೆ ಬಾಗಿಲ ಬಳಿ ನೆಲವನ್ನು ಕಡಿದು ಟಿ ಆಕಾರದ ಪಟ್ಟಿ ಹಾಕುವುದೇ ಕ್ಷೇಮ. ಎರಡು ಕೋಣೆಯ ನೆಲ ಎರಡು ದಿಕ್ಕಿಗೆ ಎಳೆಯುವಾಗ ಕಿರಿದಾದ ಬಾಗಿಲ ಜಾಗವೇ ಮೊದಲು ಒಡೆಯುವುದು.

ಕೊನೆಯ ಸಾಲಿಗೆ ಕಾಗದದ 75.5ನ್ನು ನಂಬಬೇಡಿ. ಗೋಡೆಯ ಸೊಟ್ಟ ಇಲ್ಲಿ ಬಂದು ಸೇರಿರುತ್ತದೆ. ಪ್ರತಿ ಹಲಗೆಗೂ ಎರಡು ತುದಿಯಲ್ಲಿ ಬೇರೆಯಾಗಿ ಅಳೆದು, 12 ಕಳೆದು, ಆ ಓರೆಗೇ ಸೀಳಿ. ಪುಲ್ ಬಾರನ್ನು ಗೋಡೆಯ ಸಂದಿಗೆ ಇಳಿಸಿ ಹಲಗೆಯ ಅಂಚಿಗೆ ಸಿಕ್ಕಿಸಿ, ಇನ್ನೊಂದು ತುದಿಗೆ ಮೆಲ್ಲಗೆ ತಟ್ಟುತ್ತಾ ಎಳೆಯಿರಿ. ಪಟ್ಟಿಯ ಕೆಳಗೆ ಬಟ್ಟೆ ಇರಲಿ, ಇಲ್ಲದಿದ್ದರೆ ಪಾಲಿಶ್ ಮೇಲೆ ಗೀರು ಖಂಡಿತ.

ಆಮೇಲೆ ಎಲ್ಲ ಬೆಣೆಗಳನ್ನೂ ತೆಗೆಯಿರಿ. ಒಂದು ಬೆಣೆ ಒಳಗುಳಿದರೆ ಆ ಜಾಗದಲ್ಲಿ ನೆಲ ಗೋಡೆಗೆ ಆತಿದಂತೆಯೇ ಲೆಕ್ಕ.

ಸ್ಕರ್ಟಿಂಗ್

ನಮ್ಮ ಮನೆಗಳಲ್ಲಿ ಸ್ಕರ್ಟಿಂಗ್ ಟೈಲ್ಸ್ ಗೋಡೆಯಿಂದ ಅರ್ಧ ಇಂಚಿನಷ್ಟು ಮುಂದಕ್ಕೆ ಬಂದಿರುತ್ತದೆ. ಕೀಳಲು ಹೋದರೆ ಗಾರೆಯೂ ಕಿತ್ತು ಬರುತ್ತದೆ. ಅದನ್ನು ಹಾಗೇ ಬಿಟ್ಟು, ಅದರ ಮುಖಕ್ಕೆ ಹೊಸ ಮರದ ಸ್ಕರ್ಟಿಂಗ್ ಅಂಟಿಸುವುದು ಸುಲಭ; ಟೈಲ್ಸ್ ಕಾಣಲಿ ಎನ್ನುವವರು ಕಾಲುವೃತ್ತದ ಬೀಡಿಂಗ್ ಹಾಕಬಹುದು. ಯಾವುದಾದರೂ ಸಂದಿಗಿಂತ ಅಗಲವಿರಬೇಕು, ಅಂಟು ಗೋಡೆಯ ಕಡೆಗೆ ಮಾತ್ರ ಇರಬೇಕು. ನೆಲಕ್ಕೆ ಅಂಟು ತಾಗಿದರೆ ತೇಲುವ ನೆಲವನ್ನು ಕಟ್ಟಿಹಾಕಿದಂತಾಯಿತು.

ಇದೇ ಕಾರಣಕ್ಕೆ ಕಟ್ಟಿಸಿದ ವಾರ್ಡ್‌ರೋಬ್ ಕೆಳಗೆ ಹಲಗೆ ಹೋಗಬಾರದು, ಅದರ ಮುಂದೆಯೇ ನಿಲ್ಲಬೇಕು. ಕಬ್ಬಿಣದ ಬೀರು ಒಂದು ಗೋಡೆಯ ಬಳಿ ಇದ್ದರೆ ತೊಂದರೆಯಿಲ್ಲ. ಎದುರು ಗೋಡೆಗೆ ಪುಸ್ತಕ ತುಂಬಿದ ಭಾರೀ ಕಪಾಟು ಇಟ್ಟು ಎರಡೂ ಕಡೆ ಅದುಮಿದರೆ ಮಳೆಗಾಲದಲ್ಲಿ ನಡುವೆ ಉಬ್ಬುತ್ತದೆ.

ಮನೆಯವರು ಕಲಿಯಬೇಕಾದದ್ದು

ಬಕೆಟ್ಟು, ಫಿನಾಯಿಲ್, ಹಿಂಡದ ಒರೆಸುವ ಬಟ್ಟೆ ಈ ಕೋಣೆಯ ಬಾಗಿಲಾಚೆ ಇರಲಿ. ಮೃದುವಾದ ಪೊರಕೆ, ಚೆನ್ನಾಗಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ ಸಾಕು. ಒರೆಸಿದ ತೇವ ಒಂದು ನಿಮಿಷದೊಳಗೆ ಆರಬೇಕು, ಆರದಿದ್ದರೆ ಬಟ್ಟೆಯಲ್ಲಿ ನೀರು ಹೆಚ್ಚಿತ್ತು ಎಂದರ್ಥ. ಉಗಿಯಿಂದ ಒರೆಸುವ ಯಂತ್ರ ಖಂಡಿತ ಬೇಡ. ಮನೆಗೆಲಸಕ್ಕೆ ಬರುವವರಿಗೆ ಇದನ್ನು ಮೊದಲ ದಿನವೇ ಮಾಡಿ ತೋರಿಸಿ. ಬಾಯಲ್ಲಿ ಹೇಳಿದ್ದು ಮೂರನೇ ದಿನಕ್ಕೆ ಮರೆಯುತ್ತದೆ. ನಲವತ್ತು ನಿಮಿಷದಲ್ಲಿ ಇಡೀ ಮನೆ ಮುಗಿಸಬೇಕಾದ ಅವರನ್ನು ದೂರಿ ಫಲವಿಲ್ಲ.

ಕುರ್ಚಿ, ಮಂಚದ ಕಾಲಿಗೆ ಉಣ್ಣೆಯ ಮೆತ್ತೆ ಅಂಟಿಸಿ. ಹಿಂಭಾಗದಲ್ಲಿ ರಬ್ಬರ್ ಇರುವ ಚಾಪೆ ಕಲೆ ಮಾಡುತ್ತದೆ, ಹತ್ತಿಯ ಜಮಖಾನ ಹಾಸಿ. ಬಿಸಿಲು ಬೀಳುವ ಕಡೆ ಬಣ್ಣ ಬದಲಾಗುತ್ತದೆ. ಜಮಖಾನವನ್ನು ಆಗಾಗ ಸರಿಸದಿದ್ದರೆ ಅದರ ಆಕಾರವೇ ನೆಲದ ಮೇಲೆ ಉಳಿಯುತ್ತದೆ.

ತೊಂದರೆ ಬಂದರೆ

ನೆಲ ಉಬ್ಬಿದ್ದರೆ ಉಬ್ಬಿದ ಜಾಗದಲ್ಲಿ ಹುಡುಕಬೇಡಿ. ಆ ಸಾಲಿನ ಎರಡೂ ಕಡೆಯ ಗೋಡೆಯ ಬಳಿ ಸ್ಕರ್ಟಿಂಗ್ ಬಿಚ್ಚಿ ನೋಡಿ. ಎಲ್ಲೋ ಒಂದು ಕಡೆ ಹಲಗೆ ಗೋಡೆಗೋ ಚೌಕಟ್ಟಿಗೋ ಆತಿರುತ್ತದೆ. ಅಲ್ಲಿ 12 ಮಿ.ಮೀ. ಕೊಯ್ದು ಬಿಟ್ಟರೆ ಕೆಲವು ದಿನಗಳಲ್ಲಿ ಉಬ್ಬು ತಾನಾಗಿ ಇಳಿಯುತ್ತದೆ. ಹಲಗೆಯ ಅಂಚುಗಳು ಮೇಲೆದ್ದು ನಡು ತಗ್ಗಿದ್ದರೆ ತೇವ ಕೆಳಗಿಂದ ಬರುತ್ತಿದೆ ಎಂದು ತಿಳಿಯಿರಿ. ನಲ್ಲಿಯ ಪೈಪ್, ಬಚ್ಚಲಿನ ಗೋಡೆ ಪರೀಕ್ಷಿಸಿ. ಬೇಸಿಗೆಯಲ್ಲಿ ಬಂದ ಕೂದಲೆಳೆಯ ಸಂದಿಗೆ ಏನನ್ನೂ ತುಂಬಬೇಡಿ. ಮಳೆ ಬಂದಾಗ ಅದು ಮುಚ್ಚುತ್ತದೆ. ತುಂಬಿದ್ದರೆ ಮುಚ್ಚಲು ಜಾಗವಿರುವುದಿಲ್ಲ.

ಗೋಡೆಯ ಹತ್ತಿರದ ಹಲಗೆ ಕೆಟ್ಟರೆ ಅಲ್ಲಿಯವರೆಗೆ ಸಾಲು ಬಿಚ್ಚಿ ಬದಲಿಸಬಹುದು. ಕೋಣೆಯ ನಡುವಿನದಾದರೆ ಬ್ಲೇಡಿನ ಆಳವನ್ನು 14 ಮಿ.ಮೀ.ಗೆ ಮಾತ್ರ ಇಟ್ಟು ಹಲಗೆಯ ನಡುವನ್ನು ಕೊಯ್ದು ತೆಗೆಯಿರಿ. ಕೆಳಗಿನ ಹಾಳೆ ಹರಿದರೆ ಟೇಪ್ ಹಾಕಿ. ಹೊಸ ಹಲಗೆಯ ತೋಡಿನ ಕೆಳತುಟಿಯನ್ನು ಉಳಿಯಿಂದ ತೆಗೆದು, ಅಂಚಿಗೆ ಮರದ ಅಂಟು ಸವರಿ, ಮೇಲಿಂದ ಇಳಿಸಿ, ಇಪ್ಪತ್ತನಾಲ್ಕು ಗಂಟೆ ಭಾರ ಹೇರಿ. ಈ ಒಂದು ಕೆಲಸಕ್ಕಾದರೂ ಅನುಭವಿ ಬಡಗಿಯನ್ನು ಕರೆಯಿರಿ ಎನ್ನುತ್ತೇನೆ. ಉಳಿಸಿಟ್ಟ ಪೆಟ್ಟಿಗೆಯನ್ನು ಅಟ್ಟದ ಮೇಲಲ್ಲ, ಅದೇ ಕೋಣೆಯ ಮಂಚದ ಕೆಳಗೆ ಇಡಿ. ಹಾಸಿದ ನೆಲದ ಹವೆಯಲ್ಲೇ ಇದ್ದ ಹಲಗೆ ಅಳತೆ ತಪ್ಪದೆ ಕೂರುತ್ತದೆ.